ಸಮವಸ್ತ್ರವಿಲ್ಲದವರ ಋಣ

ಸ್ವಾತಂತ್ರ್ಯ ಸಂಗ್ರಾಮಗಳ ಇತಿಹಾಸವನ್ನು ಬರೆಯುವವರು ಸೇನಾಪತಿಗಳ ವ್ಯೂಹಗಳನ್ನೂ ರಣರಂಗದ ಜಯಾಪಜಯಗಳನ್ನೂ ಸವಿಸ್ತಾರವಾಗಿ ವರ್ಣಿಸಿ, ಅವರಿಗೆ ಶತ್ರುವಿನ ಸುದ್ದಿಯನ್ನು ಪ್ರಾಣದ ಹಂಗು ತೊರೆದು ತಂದುಕೊಟ್ಟ ಸಾಮಾನ್ಯರಿಗೆ ಒಂದೆರಡು ಪಂಕ್ತಿಗಳನ್ನಷ್ಟೇ ಮೀಸಲಿಡುತ್ತಾರೆ. ಈ ಉಪೇಕ್ಷೆಯು ರಾಜ್ಯದ ಶಾಸನದೊಳಕ್ಕೂ ನುಸುಳಿದರೆ ಎಂತಹ ಅನ್ಯಾಯವಾಗಬಲ್ಲುದೆಂಬುದಕ್ಕೆ ಅಮೆರಿಕದ ಸ್ವಾತಂತ್ರ್ಯಯುದ್ಧವೇ ನಿದರ್ಶನ.

ಬ್ರಿಟಿಷರ ವಶದಲ್ಲಿದ್ದ ನ್ಯೂಯಾರ್ಕ್ ನಗರದ ವರ್ತಮಾನವನ್ನು ಸಂಗ್ರಹಿಸಲು 1778ರಲ್ಲಿ ವಾಷಿಂಗ್ಟನ್ನನ ಆಶ್ರಯದಲ್ಲಿ ಏರ್ಪಟ್ಟ ಗೂಢಚಾರ ಮಂಡಲಿಯಲ್ಲಿ ಏಬ್ರಹಾಂ ವುಡ್‌ಹಲ್ ಎಂಬ ಕೃಷಿಕನೂ, ರಾಬರ್ಟ್ ಟೌನ್‌ಸೆಂಡ್ ಎಂಬ ವರ್ತಕನೂ, ಆಸ್ಟಿನ್ ರೋ ಎಂಬ ಪಾನಗೃಹದ ಯಜಮಾನನೂ ಇದ್ದರು. ಅಂಗಡಿಯ ಸರಕು ತರುವ ನೆವದಲ್ಲಿ ರೋ ಕುದುರೆಯೇರಿ ನಗರಕ್ಕೆ ಹೋಗಿ ಬರುತ್ತಿದ್ದನು. ಪತ್ರಗಳಲ್ಲಿ ಕಣ್ಣಿಗೆ ಕಾಣದ ಮಸಿಯ ಬರಹವಿರುತ್ತಿತ್ತು. ಮಂಡಲಿಯ ಸಂಕೇತಕೋಶದಲ್ಲಿ ವಾಷಿಂಗ್ಟನ್ನನೇ 711 ಎಂಬ ಅಂಕೆಯಾಗಿದ್ದನು. ಟೌನ್‌ಸೆಂಡನು 1838ರಲ್ಲಿ ಸಾಯುವವರೆಗೂ ಈ ರಹಸ್ಯವನ್ನು ಹೊರಗೆಡಹಲಿಲ್ಲ. ಕೈಬರಹದ ಹೋಲಿಕೆಯಿಂದ ಅವನ ಗುರುತು ಹತ್ತಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ಅವನ ಮೌನ ಸ್ವೇಚ್ಛೆಯದು. ವರ್ಜೀನಿಯದ ಗುಲಾಮನಾದ ಜೇಮ್ಸನಿಗೆ ಆ ಆಯ್ಕೆಯೂ ಇರಲಿಲ್ಲ. 1781ರಲ್ಲಿ ಅಮೆರಿಕನ್ ಸೈನ್ಯದ ಸೇನಾನಿ ಲಫಾಯೆತನ ಪರವಾಗಿ, ಮುಂದೆ ಶ್ರೀರಂಗಪಟ್ಟಣದ ಮುತ್ತಿಗೆಯಿಂದ ನಮ್ಮ ನಾಡಿಗೂ ಪರಿಚಿತನಾದ ಅದೇ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಶಿಬಿರದಲ್ಲಿ ಪರಿಚಾರಕನಂತೆ ಸೇರಿಕೊಂಡ ಈತನನ್ನು ಬ್ರಿಟಿಷರು ತಮ್ಮ ಬೇಹುಗಾರನೆಂದೇ ನಂಬಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಶರಣಾಯಿತು, ದೇಶ ಸ್ವತಂತ್ರವಾಯಿತು, ಜೇಮ್ಸನು ಮಾತ್ರ ಗುಲಾಮನಾಗಿಯೇ ಉಳಿದನು. ಒಡೆಯರಿಗೆ ಬದಲಾಗಿ ಸೈನಿಕರಾಗಿ ದುಡಿದ ಗುಲಾಮರನ್ನು ಬಿಡುಗಡೆ ಮಾಡಲು 1783ರಲ್ಲಿ ವರ್ಜೀನಿಯ ವಿಧಿಸಿದ ಕಾನೂನಿಗೆ ಬಂದೂಕು ಹಿಡಿಯದ ಗೂಢಚಾರನು ಒಳಪಡಲಿಲ್ಲ. 1784ರಲ್ಲಿ ಲಫಾಯೆತನು ಪ್ರಮಾಣಪತ್ರ ಬರೆದುಕೊಟ್ಟನು. ಜೇಮ್ಸನು ಶಾಸನಸಭೆಗೆ ಅರಿಕೆ ಮಾಡಿಕೊಂಡನು. ಬಿಡುಗಡೆ ದೊರೆತದ್ದು 1787ರ ಜನವರಿಯಲ್ಲಿ.

ಗೂಢಚರ್ಯೆಯು ವಂಚನೆಯ ವೃತ್ತಿ, ಅದಕ್ಕೆ ವೀರನ ಮರ್ಯಾದೆ ಸಲ್ಲದೆಂದು ವಾದಿಸುವವರುಂಟು. ಆದರೆ ಸೆರೆಸಿಕ್ಕ ಸೈನಿಕನು ಯುದ್ಧಕೈದಿಯಾಗಿ ಬದುಕುಳಿಯುವ ಆಸೆಯನ್ನಾದರೂ ಇಟ್ಟುಕೊಳ್ಳಬಹುದು; ಸೆರೆಸಿಕ್ಕ ಗೂಢಚಾರನಿಗೆ ನೇಣುಗಂಬವೇ ಗತಿ. 1776ರಲ್ಲಿ ಅಮೆರಿಕದ ಗೂಢಚಾರ ನೇಥನ್ ಹೇಲನ ಪಾಲಿಗೆ ಬಂದದ್ದೂ ಅದೇ. ಹೆಚ್ಚಿನ ಅಪಾಯವನ್ನು ಹೊತ್ತವನಿಗೆ ಕಡಮೆಯ ಕೃತಜ್ಞತೆಯನ್ನು ಸಲ್ಲಿಸುವುದು ಯಾವ ಧರ್ಮ?

ರಾಷ್ಟ್ರವು ತನ್ನ ಋಣವನ್ನು ಎಣಿಸಬೇಕಾದದ್ದು ತೊಟ್ಟ ಉಡುಪಿನಿಂದಲ್ಲ, ಹೊತ್ತ ಅಪಾಯದಿಂದ. ಆಪತ್ಕಾಲದಲ್ಲಿ ತಾನಾಗಿಯೇ ಗೂಢಚಾರರ ನೆರವನ್ನು ಬೇಡಿದ ರಾಜ್ಯವು, ಜಯ ಕೈಸೇರಿದ ಮೇಲೆ ಅವರೇ ಅರ್ಜಿ ಹಿಡಿದು ಬಾಗಿಲಿಗೆ ಬರಲೆಂದು ಕಾಯುವುದು ಸ್ವತಂತ್ರ ರಾಷ್ಟ್ರಕ್ಕೆ ತಕ್ಕ ನಡತೆಯಲ್ಲ.