ಸರ್ವರ್ ಸ್ಥಳಾಂತರಕ್ಕೆ ಒಪ್ಪಿಗೆ ನೀಡುವ ಮುನ್ನ

ಲೆಕ್ಕಪತ್ರ, ದಾಸ್ತಾನು ಹಾಗೂ ಬಿಲ್ಲಿಂಗ್ ತಂತ್ರಾಂಶಗಳನ್ನು ಬಾಡಿಗೆಯ ವರ್ಚುವಲ್ ಸರ್ವರುಗಳಲ್ಲಿ ನಡೆಸುವ ವರ್ತಕರಿಗೆ ಎಂದಾದರೊಂದು ದಿನ ಸೇವಾದಾರರಿಂದ ಒಂದು ಪತ್ರ ಬರುತ್ತದೆ. ತಮ್ಮ ಯಂತ್ರಗಳನ್ನು ಹೊಸ ನೆಟ್‌ವರ್ಕ್ ವ್ಯವಸ್ಥೆಗೆ ವರ್ಗಾಯಿಸಲಿದ್ದೇವೆ, ಒಪ್ಪಿಗೆ ನೀಡಿ ಎಂಬುದು ಅದರ ಸಾರಾಂಶ. ಇದು ತಂತ್ರಜ್ಞರ ಪಾಲಿನ ಕೆಲಸವೆಂದು ಕಣ್ಣು ಮುಚ್ಚಿ ಸಹಿ ಹಾಕುವುದು ತರವಲ್ಲ.

ಒಂದೇ ಯಂತ್ರದಲ್ಲಿ ಹಲವು ಗ್ರಾಹಕರ ಸರ್ವರುಗಳಿರುವಾಗ, ಅವುಗಳ ನಡುವಣ ಗೋಡೆ, ಬಾಗಿಲು, ಹಾದಿಗಳನ್ನು ತಂತ್ರಾಂಶವೇ ನಿರ್ಮಿಸುತ್ತದೆ. ವಿಎಂವೇರ್ ಸಂಸ್ಥೆಯ ಎನ್‌ಎಸ್‌ಎಕ್ಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಹಳೆಯ ಪೀಳಿಗೆಯಾದ ಎನ್‌ಎಸ್‌ಎಕ್ಸ್-ವಿಗೆ ತಯಾರಕರ ಸಾಮಾನ್ಯ ಬೆಂಬಲ 2022ರ ಜನವರಿ 16ರಂದು ಕೊನೆಗೊಂಡಿತು. ಮುಂದಿನ ಎನ್‌ಎಸ್‌ಎಕ್ಸ್-ಟಿಯ ಹೆಸರು ಹೋಲುತ್ತಿದ್ದರೂ ಒಳರಚನೆ ಬೇರೆ; ವಿಎಕ್ಸ್‌ಲ್ಯಾನ್ ವಿಧಾನದ ಸ್ಥಾನದಲ್ಲಿ ಜಿನೀವ್ ವಿಧಾನ ಬಂದಿತು. ಆದ್ದರಿಂದ ಅದು ಕೇವಲ ನವೀಕರಣವಾಗಿರದೆ ಮನೆ ಬದಲಾವಣೆಯೇ ಆಗಿತ್ತು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯು ವಿಎಂವೇರನ್ನು ಖರೀದಿಸಿತು. ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನು ಪ್ರಕಟಿಸಿತು. ಇದರಿಂದ ಬೇರೆ ವ್ಯವಸ್ಥೆಗಳತ್ತ ಹೊರಟವರೂ ಇದ್ದಾರೆ. ಸ್ಥಳಾಂತರಗಳು ಇಲ್ಲಿಗೇ ಮುಗಿಯುವಂಥವಲ್ಲ.

ಕ್ರಮಬದ್ಧ ಸ್ಥಳಾಂತರದಲ್ಲಿ ಒಂದೊಂದೇ ಯಂತ್ರವನ್ನು ಬರಿದು ಮಾಡಿ, ಅದರ ಸರ್ವರುಗಳನ್ನು ಉಳಿದ ಯಂತ್ರಗಳಿಗೆ ಸಾಗಿಸಿ, ಹೊಸ ವ್ಯವಸ್ಥೆ ಅಳವಡಿಸಿದ ನಂತರ ಮರಳಿ ತರಲಾಗುತ್ತದೆ. ಇದಕ್ಕೆ ಉಳಿದ ಯಂತ್ರಗಳಲ್ಲಿ ಸಾಕಷ್ಟು ಸಾಮರ್ಥ್ಯ ಇರಬೇಕು. ಬರಿದು ಮಾಡದೆಯೇ ಬದಲಿಸುವ ವಿಧಾನವೂ ಉಂಟು. ಅದರಲ್ಲಿ ಸಂಪರ್ಕ ಕ್ಷಣಕಾಲ ಕಡಿಯಬಹುದು. ಆದರೆ ನಿಜವಾದ ಅಪಾಯವಿರುವುದು ಫೈರ್‌ವಾಲ್ ನಿಯಮಗಳಲ್ಲಿ. ಒಂದು ನಿಯಮ ತಪ್ಪಿದರೆ ಬಿಲ್ಲಿಂಗ್ ನಿಲ್ಲಬಹುದು; ಇಲ್ಲವೇ ಮುಚ್ಚಿರಬೇಕಾದ ಬಾಗಿಲು ಯಾರ ಅರಿವಿಗೂ ಬಾರದೆ ತೆರೆದೇ ಉಳಿಯಬಹುದು. ಎರಡನೆಯದೇ ಹೆಚ್ಚು ಭಯಾನಕ.

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ದಿಮೆಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಸರ್ವರ್ ಸ್ತಬ್ಧವಾದರೆ ಸರಕು ತುಂಬಿದ ಲಾರಿಯೂ ಗೋದಾಮಿನ ಮುಂದೆ ಸ್ತಬ್ಧವಾಗುತ್ತದೆ. ಆಗ ನಷ್ಟ ಸೇವಾದಾರರದಲ್ಲ, ನಮ್ಮದು.

ಆದಕಾರಣ ಒಪ್ಪಿಗೆಗೆ ಮುನ್ನ ನಾಲ್ಕು ವಿಷಯಗಳನ್ನು ಲಿಖಿತವಾಗಿ ಪಡೆಯುವುದು ಉಚಿತ: ಸೇವೆ ಎಷ್ಟು ಹೊತ್ತು ಸ್ಥಗಿತಗೊಳ್ಳುವುದು, ಯಾವ ಹಂತದವರೆಗೆ ಹಳೆಯ ಸ್ಥಿತಿಗೆ ಮರಳಬಹುದು, ಫೈರ್‌ವಾಲ್ ನಿಯಮಗಳನ್ನು ಹಿಂದಿನ ಪಟ್ಟಿಯೊಡನೆ ತಾಳೆ ನೋಡುವವರು ಯಾರು, ಬ್ಯಾಕಪ್ಪನ್ನು ಮರುಸ್ಥಾಪಿಸಿ ಪರೀಕ್ಷಿಸಲಾಗಿದೆಯೇ. ಮಾಸಿಕ ಜಿಎಸ್‌ಟಿ ಸಲ್ಲಿಕೆಯ 11 ಮತ್ತು 20ನೆಯ ತಾರೀಖುಗಳ ಆಸುಪಾಸಿನಲ್ಲಿ ಈ ಕಾರ್ಯ ಬೇಡವೆಂದು ಸ್ಪಷ್ಟವಾಗಿ ತಿಳಿಸಬೇಕು.

ಬೆಂಬಲವಿಲ್ಲದ ಹಳೆಯ ವ್ಯವಸ್ಥೆಯಲ್ಲೇ ಉಳಿಯಿರೆಂದು ನಾನು ಹೇಳುತ್ತಿಲ್ಲ. ಭದ್ರತಾ ದೋಷಗಳಿಗೆ ಪರಿಹಾರ ದೊರೆಯದ ತಂತ್ರಾಂಶ ಇನ್ನೂ ದುಬಾರಿ. ಆದರೆ ಒಬ್ಬ ಸಣ್ಣ ಉದ್ಯಮಿಯ ಪ್ರಶ್ನೆಗೆ ಸಿಗದ ಉತ್ತರ ಹಲವರ ಪ್ರಶ್ನೆಗೆ ಸಿಗುತ್ತದೆ. ನಮ್ಮ ಸಂಸ್ಥೆಯು ಇಂಥ ಒಪ್ಪಂದಗಳಿಗೆ ಒಂದು ಮಾದರಿ ಷರತ್ತು ಪತ್ರವನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ ಅದು ಸಕಾಲಿಕ ಸೇವೆಯಾದೀತು.