ನೀರು ಹೊಡೆದರೂ ನೆನೆಯದ ಧೂಳು

ಕೆಸುವಿನ ಎಲೆ ಮೇಲೆ ನೀರು ಹಾಕಿ ನೋಡಿದ್ದೀರಾ? ಹನಿ ಮುತ್ತಿನ ಹಾಗೆ ಉರುಳಿ ಹೋಗುತ್ತೆ, ಎಲೆ ಒಣಗಿದ ಹಾಗೇ ಇರುತ್ತೆ. ಕಲ್ಲಿದ್ದಲಿನ ನುಣ್ಣನೆಯ ಧೂಳಿನದ್ದೂ ಹೆಚ್ಚುಕಡಿಮೆ ಇದೇ ಕಥೆ.

ನಾನು ತೆಲಂಗಾಣದ ಒಂದು ಭೂಗತ ಕಲ್ಲಿದ್ದಲು ಗಣಿಯಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ಊರಿಗೆ ಹೋದಾಗೆಲ್ಲ, "ಧೂಳು ತಾನೇ, ನೀರು ಹೊಡೆದರೆ ಆಯ್ತಪ್ಪ" ಅಂತಾರೆ. ಹೊಡೀತೀವಿ. ಕಲ್ಲಿದ್ದಲು ಕತ್ತರಿಸುವ ಯಂತ್ರದ ಹಲ್ಲುಗಳ ಹತ್ತಿರ, ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಬೀಳುವ ಜಾಗದಲ್ಲಿ ಸ್ಪ್ರೇ ಇದ್ದೇ ಇರುತ್ತೆ. ಕಾಲಡಿ ಕೆಸರಾಗುತ್ತೆ. ಆದರೂ ಶಿಫ್ಟ್ ಮುಗಿಸಿ ಮೇಲೆ ಬಂದವರ ಉಗುಳು ಕಪ್ಪಗಿರುತ್ತೆ.

ಕಲ್ಲಿದ್ದಲಿನ ಮೈಗೆ ನೀರು ಸುಲಭವಾಗಿ ಅಂಟಲ್ಲ. ನೀರಿನ ಮೇಲ್ಮೈ ಎಳೆತವೂ ಜಾಸ್ತಿ, ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಇಲ್ಲಿ ನೆರವಿಗೆ ಬರೋದು ವೆಟಿಂಗ್ ಏಜೆಂಟ್. ಪಾತ್ರೆ ತೊಳೆಯೋ ಲಿಕ್ವಿಡ್‌ನ ಬಳಗದ್ದೇ ರಾಸಾಯನಿಕ. ಅದರ ಅಣುವಿನ ಒಂದು ತುದಿ ನೀರನ್ನು ಹಿಡಿದುಕೊಳ್ಳುತ್ತೆ, ಇನ್ನೊಂದು ತುದಿ ಕಲ್ಲಿದ್ದಲನ್ನು. ಸಾಮಾನ್ಯವಾಗಿ 100 ಲೀಟರ್ ನೀರಿಗೆ ಒಂದು ಲೀಟರೂ ಬೇಕಾಗಲ್ಲ, ಎಳೆತ ಅರ್ಧಕ್ಕಿಂತ ಕೆಳಗಿಳಿಯಬಹುದು. ಪರೀಕ್ಷೆ ಸುಲಭ: ಲೋಟದ ನೀರಿನ ಮೇಲೆ ಕಲ್ಲಿದ್ದಲ ಪುಡಿ ಉದುರಿಸಿದರೆ ತೇಲುತ್ತಾ ಕೂರುತ್ತೆ. ಸರಿಯಾದ ಏಜೆಂಟ್ ಬೆರೆಸಿದ ನೀರಿನಲ್ಲಿ ಬೇಗ ಮುಳುಗುತ್ತೆ. ಎಲ್ಲ ಗಣಿಯ ಕಲ್ಲಿದ್ದಲಿಗೂ ಒಂದೇ ಏಜೆಂಟ್ ಹೊಂದಲ್ಲ, ಅದಕ್ಕೇ ಈ ಲೋಟದ ಪರೀಕ್ಷೆ ಮೊದಲು.

ಹಾಗಂತ ಇದು ಮಂತ್ರದಂಡ ಅಲ್ಲ. ಹನಿ ದಪ್ಪವಾದರೆ ನುಣ್ಣನೆಯ ಕಣ ಗಾಳಿಯ ಜೊತೆ ಪಕ್ಕಕ್ಕೆ ಸರಿದು ಪಾರಾಗುತ್ತೆ. ಒಮ್ಮೆ ಹಾರಿದ ಧೂಳನ್ನು ಹಿಡಿಯೋದಕ್ಕಿಂತ ಹಾರುವ ಮೊದಲೇ, ಕತ್ತರಿಸುವ ಜಾಗದಲ್ಲೇ ನೆನೆಸೋದು ಲೇಸು. ನಳಿಕೆ ಕಟ್ಟಿಕೊಂಡಿದ್ದರೆ ಎಷ್ಟು ದುಬಾರಿ ಏಜೆಂಟ್ ತಂದರೂ ದಂಡ. ಗಾಳಿಯಾಟ, ಮಾಸ್ಕ್ ಎರಡೂ ಬೇಕೇ ಬೇಕು.

ಯಾಕಿಷ್ಟು ತಲೆಕೆಡಿಸಿಕೊಳ್ಳೋದು ಅಂತೀರಾ? ಶ್ವಾಸಕೋಶದ ಆಳಕ್ಕೆ ಇಳಿಯೋದು ಸುಮಾರು 5 ಮೈಕ್ರಾನಿಗಿಂತ ಸಣ್ಣ ಕಣ, ಅದು ಕಣ್ಣಿಗೇ ಕಾಣಲ್ಲ. ವರ್ಷಗಟ್ಟಲೆ ಸೇರಿದರೆ ಬರೋದು 'ಬ್ಲ್ಯಾಕ್ ಲಂಗ್'. ಬಂದಮೇಲೆ ವಾಸಿಯಾಗಲ್ಲ. ಇನ್ನು ಧೂಳಿಗೆ ಕಿಡಿ ತಗುಲಿದರೆ ಏನಾಗುತ್ತೆ ಅಂತ 1906ರಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿ ತೋರಿಸಿತು. ಅಲ್ಲಿ ಸತ್ತವರು 1,099 ಮಂದಿ.

ಸಿಂಗರೇಣಿಯ ಕಲ್ಲಿದ್ದಲು ನಮ್ಮ ರಾಯಚೂರಿನ ವಿದ್ಯುತ್ ಸ್ಥಾವರಕ್ಕೂ ಬರುತ್ತೆ. ಫೋನ್ ಚಾರ್ಜಿಗೆ ಹಾಕುವಾಗ ಇದು ಯಾರಿಗೂ ನೆನಪಾಗಲ್ಲ, ಆಗಬೇಕು ಅಂತಲೂ ಇಲ್ಲ. ನಿಮ್ಮಲ್ಲಿ ಯಾರಾದರೂ ಗಣಿ, ಕ್ರಷರ್, ಸಿಮೆಂಟ್ ಕಡೆ ಕೆಲಸದಲ್ಲಿದ್ದರೆ ಮಾತ್ರ ಒಂದು ಮಾತು: ನೆಲ ಒದ್ದೆಯಾಗಿದೆ ಅಂತ ಸಮಾಧಾನ ಪಡಬೇಡಿ. ಗಾಳಿಯಲ್ಲಿ ಎಷ್ಟು ಮಿಲಿಗ್ರಾಂ ಧೂಳಿದೆ ಅನ್ನೋ ವರದಿ ಕೇಳಿ ನೋಡಿ.