ಊರಿಗೆ ಒಗ್ಗುವ ದವಾಖಾನೆ ಕಟ್ಟಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಸರ್ಕಾರಿ ದವಾಖಾನೆಯ ಬಗ್ಗೆ ನಡೆಯುವ ವಾದವೆಲ್ಲ ಕಡೆಗೆ ಹಾಸಿಗೆಯ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. 30 ಹಾಸಿಗೆಯದ್ದು 100 ಆಗಬೇಕು, ಸಮುದಾಯ ಆರೋಗ್ಯ ಕೇಂದ್ರ ತಾಲ್ಲೂಕು ಆಸ್ಪತ್ರೆಯ ದರ್ಜೆಗೆ ಏರಬೇಕು, ನೆರೆಯ ತಾಲ್ಲೂಕಿಗೆ ಸಿಕ್ಕಿದ್ದು ನಮಗೂ ಸಿಗಬೇಕು. 10 ತಾಲ್ಲೂಕುಗಳಿದ್ದ ಬೆಳಗಾವಿ ಜಿಲ್ಲೆ ಕಿತ್ತೂರು, ನಿಪ್ಪಾಣಿ, ಕಾಗವಾಡ, ಮೂಡಲಗಿ, ಯರಗಟ್ಟಿ ಸೇರಿ 15 ತಾಲ್ಲೂಕುಗಳದ್ದಾದ ಮೇಲೆ ಈ ಕೂಗು ಹೆಚ್ಚಿದೆ. ಕೂಗಿನಲ್ಲಿ ನ್ಯಾಯವಿದೆ. 2011ರ ಜನಗಣತಿಯಲ್ಲೇ 47.79 ಲಕ್ಷ ಜನರಿದ್ದ ಜಿಲ್ಲೆಗೆ ಸರ್ಕಾರಿ ಹಾಸಿಗೆಗಳು ಸಾಲವು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಹಾಸಿಗೆಗಳು ಎಂಥ ಕಟ್ಟಡದಲ್ಲಿ, ಯಾವ ಜಾಗದಲ್ಲಿ, ಯಾವ ತಿಂಗಳ ರೋಗಿಗಾಗಿ ಎಂಬ ಪ್ರಶ್ನೆ ಮನವಿಪತ್ರಗಳಲ್ಲೂ ಇಲ್ಲ, ಭೂಮಿಪೂಜೆಯ ಭಾಷಣಗಳಲ್ಲೂ ಇಲ್ಲ. ಈ ನಾಲ್ಕು ತಾಲ್ಲೂಕುಗಳ ಮುಂದಿನ ಐವತ್ತು ವರ್ಷದ ಆರೋಗ್ಯ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಹಾಸಿಗೆಯ ಲೆಕ್ಕಕ್ಕೆ ಹಳೆಯ ಬೇರಿದೆ. 1946ರ ಭೋರ್ ಸಮಿತಿ ವರದಿ ಮೊದಲ ಹಂತದಲ್ಲಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದಿತು. ಈಗಿನ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳ ಪ್ರಕಾರ ಬಯಲು ಸೀಮೆಯಲ್ಲಿ 5,000 ಜನರಿಗೆ ಉಪಕೇಂದ್ರ, 30,000 ಜನರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ. ಇಂಥ ಅಳತೆ ಬೇಕು. ಇಲ್ಲದಿದ್ದರೆ ಹಿಂದುಳಿದ ತಾಲ್ಲೂಕು ಯಾವ ಆಧಾರದ ಮೇಲೆ ಕೇಳಬೇಕು? ಆದರೆ ಈ ಅಳತೆ ಎಣಿಸುವುದು ಊರಿನಲ್ಲಿ ವರ್ಷವಿಡೀ ನೆಲೆಸಿರುವ ಜನರನ್ನು. ಮಲಪ್ರಭೆಯ ದಂಡೆಯ ಈ ಸೀಮೆಯಲ್ಲಿ ಜನಸಂಖ್ಯೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ರೋಗವೂ ಬದಲಾಗುತ್ತದೆ.

ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೇ ನೋಡಿದರೆ ಸಾಕು. ಚಳಿಗಾಲದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಗಟ್ಟಲೆ ಭಕ್ತರು ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳಲ್ಲಿ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಹತ್ತುತ್ತಾರೆ, ಬಯಲಲ್ಲೇ ಅಡುಗೆ ಮಾಡಿ ಮಲಗುತ್ತಾರೆ. ಆ ದಿನಗಳಲ್ಲಿ ವಾಂತಿಭೇದಿ, ನೂಕುನುಗ್ಗಲಿನ ಪೆಟ್ಟು, ರಸ್ತೆ ಅಪಘಾತ, ಅಕಾಲದ ಹೆರಿಗೆ ಎಲ್ಲವೂ ಒಟ್ಟಿಗೆ ಬರುತ್ತವೆ. ಈ ಜನ ಯಾವ ಉಪಕೇಂದ್ರದ ಲೆಕ್ಕದಲ್ಲೂ ಇಲ್ಲ.

ಅದೇ ಚಳಿಗಾಲದಲ್ಲಿ ಕಬ್ಬಿನ ಹಂಗಾಮು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯ ಸೀಮೆಯಿಂದ ರಾಮದುರ್ಗದ ಕಡೆಯವರೆಗೆ ಹೊಲಗಳಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಬೀಡು ಬಿಡುತ್ತವೆ. ಬೀಡ್ ಮೊದಲಾದ ಮಹಾರಾಷ್ಟ್ರದ ಜಿಲ್ಲೆಗಳಿಂದ ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರೆ, ಕೂಸುಗಳೂ ಜೊತೆಗೆ. ಬಸುರಿಯ ತಾಯಿ ಕಾರ್ಡು ಊರಲ್ಲಿ, ಬಸುರಿ ಇಲ್ಲಿಯ ಜೋಪಡಿಯಲ್ಲಿ. ದಿನದ ಕೂಲಿ ತಪ್ಪಬಾರದು, ತಿಂಗಳ ಮುಟ್ಟು ಕೆಲಸಕ್ಕೆ ಅಡ್ಡ ಬರಬಾರದು ಎಂಬ ಒತ್ತಡದಲ್ಲಿ ಬೀಡ್ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳು ಗರ್ಭಕೋಶವನ್ನೇ ತೆಗೆಸಿಕೊಂಡ ಸಂಗತಿ 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ತನಿಖೆಗೆ ಒಳಗಾಯಿತು. ಅವರಂಥವರೇ ಇಲ್ಲಿ ನಾಲ್ಕೈದು ತಿಂಗಳು ದುಡಿಯುತ್ತಾರೆ. ಕಬ್ಬಿನ ಹೊಲದಲ್ಲಿ ಹಾವು ಕಚ್ಚುವುದೂ ಅವರನ್ನೇ, ಇಲ್ಲಿನ ರೈತರನ್ನೇ. ಹಾವು ಕಡಿತವನ್ನು 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸರಿಯಾದ ಹೆಜ್ಜೆ. ಆದರೆ ರಾತ್ರಿ ಬೀಗ ಬಿದ್ದಿರುವ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ವಿಷನಿರೋಧಕ ಚುಚ್ಚುಮದ್ದು ಇದ್ದೂ ಫಲವಿಲ್ಲ.

ಮಳೆಗಾಲಕ್ಕೆ ಮತ್ತೊಂದು ಸ್ಥಿತಿ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ರೇಣುಕಾಸಾಗರ ತುಂಬಿ ನೀರು ಬಿಟ್ಟಾಗ ಮುನವಳ್ಳಿಗೂ ರಾಮದುರ್ಗ ಪಟ್ಟಣದ ತಗ್ಗು ಓಣಿಗಳಿಗೂ ಮಲಪ್ರಭೆ ನುಗ್ಗಿತು. ನೇಕಾರರ ಮನೆಗಳಲ್ಲಿ ಮಗ್ಗ ಮುಳುಗಿತು, ನೂಲು ಕೊಳೆಯಿತು. ದಂಡೆಯ ಹಳ್ಳಿಗಳ ಜನ ಶಾಲೆ, ಗುಡಿ, ಕಲ್ಯಾಣ ಮಂಟಪಗಳಲ್ಲಿ ದಿನ ದೂಡಿದರು. ಪ್ರವಾಹದ ನಂತರದ ಜ್ವರ, ಚರ್ಮರೋಗ, ಕಲುಷಿತ ನೀರಿನ ಬೇನೆ, ಔಷಧ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ರೋಗಿಗಳು ಸೇರಿದ್ದು ಆ ಆಸರೆಯ ಜಾಗಗಳಲ್ಲೇ. ಇಂಥ ಊರಿನಲ್ಲಿ ಆಸ್ಪತ್ರೆ ಕಟ್ಟುವವರು ಮೊದಲು ತಿಳಿಯಬೇಕಾದದ್ದು 2019ರ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು. ಆ ಗುರುತಿಗಿಂತ ಮೇಲೆ ನೆಲಗಟ್ಟು ಇರಬೇಕು. ಜನರೇಟರ್, ಔಷಧ ಉಗ್ರಾಣ, ಲಸಿಕೆಯ ಶೀತಲ ಪೆಟ್ಟಿಗೆ ನೆಲಮಹಡಿಯಲ್ಲಿ ಇರಬಾರದು. ಅಗ್ಗಕ್ಕೆ ಸಿಕ್ಕಿತೆಂದು, ದಾನವಾಗಿ ಬಂತೆಂದು ತಗ್ಗಿನ ಜಾಗ ಒಪ್ಪಿಕೊಳ್ಳುವ ಪರಿಪಾಠ ಇಲ್ಲಿಗೆ ಮುಗಿಯಬೇಕು.

ನೆಲದ ಗುಣವೂ ನಕ್ಷೆಯಲ್ಲಿ ಕಾಣಬೇಕು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎಷ್ಟೋ ಭಾಗ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲುಮೇಲಿನ ಅಡಿಪಾಯದ ಮೇಲೆ ನಿಂತ ಗೋಡೆ ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ಆಳದ ಗಟ್ಟಿ ಪದರಕ್ಕೆ ಇಳಿದು, ಬುಡದಲ್ಲಿ ಅಗಲವಾಗುವ ಕಂಬದಡಿಪಾಯವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ದಶಕಗಳ ಹಿಂದೆ ಅಭಿವೃದ್ಧಿಪಡಿಸಿದೆ. ಕೆಮ್ಮಣ್ಣಿನ ಸೀಮೆಗೂ ಎರೆ ಸೀಮೆಗೂ ಒಂದೇ ಮಾದರಿ ನಕ್ಷೆ ಹಿಡಿದುಕೊಂಡು ಬರುವ ಕಾಮಗಾರಿಗೆ ಇದು ಬೇಡವಾದ ವಿವರ. ಸೀಳಿದ ಹೆರಿಗೆ ಕೊಠಡಿಯಲ್ಲಿ ಮಲಗುವ ಬಾಣಂತಿಗೆ ಇದೇ ಮುಖ್ಯ ವಿವರ.

ಹೀಗೆ ಬದಲಾಗುವ ಸೀಮೆಗೆ ಆಸ್ಪತ್ರೆಯೂ ಬದಲಾಗುವಂಥದ್ದೇ ಬೇಕು. ಬೇಕಾದಂತೆ ಬದಲಾಗುವ ಆಸ್ಪತ್ರೆ ಎಂದರೆ ಶ್ರೀಮಂತ ದೇಶಗಳ ಕನಸು ಎಂಬ ಆಕ್ಷೇಪ ಕೇಳಿಬರುತ್ತದೆ. ಆದರೆ ವಿಚಾರ ಸರಳವಾದದ್ದು. ಭಾರ ಹೊರುವ ಕೆಲಸ ಕಂಬಗಳದ್ದಾಗಬೇಕು, ನಡುಗೋಡೆಗಳು ಕೆಡವಿ ಕಟ್ಟಬಹುದಾದವಾಗಬೇಕು. ನೀರು, ವಿದ್ಯುತ್ತು, ಆಮ್ಲಜನಕದ ಕೊಳವೆಗಳು ಗೋಡೆಯೊಳಗೆ ಹೂತುಹೋಗದೆ ಕೈಗೆಟಕುವ ಒಂದೇ ಸಾಲಿನಲ್ಲಿ ಹರಿಯಬೇಕು. ಕಟ್ಟಡದ ಒಂದು ತುದಿ ಮುಂದೆ ಬೆಳೆಯಲು ತೆರೆದಿರಬೇಕು. ಉತ್ತರ ಕರ್ನಾಟಕದ ಮನೆಯ ಪಡಸಾಲೆ ಸುಗ್ಗಿಯಲ್ಲಿ ಕಾಳಿನ ಚೀಲಕ್ಕೂ ಮದುವೆಯಲ್ಲಿ ಪಂಕ್ತಿಗೂ ಬೇಸಿಗೆಯ ಮಧ್ಯಾಹ್ನ ನಿದ್ದೆಗೂ ಆಗುವ ಹಾಗೆ, ವಾರ್ಡು ಕೂಡ ಹೊತ್ತು ಬಂದಂತೆ ಬೇರೆ ಕೆಲಸಕ್ಕೆ ಒದಗಬೇಕು. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯನ್ನು ವಾಸ್ತುಶಿಲ್ಪಿ ಜಾನ್ ವೀಕ್ಸ್ 1960ರ ದಶಕದಲ್ಲಿ ರೂಪಿಸಿದ್ದು ಈ ತತ್ತ್ವದ ಮೇಲೆಯೇ: ವೈದ್ಯಶಾಸ್ತ್ರ ಎತ್ತ ಸಾಗುತ್ತದೆಂದು ಇಂದೇ ಹೇಳಲಾಗದು, ಆದ್ದರಿಂದ ಕಟ್ಟಡಕ್ಕೆ ಮುಗಿದ ಆಕಾರ ಕೊಡಬಾರದು.

ಬಡ ನಾಡುಗಳ ಉದಾಹರಣೆ ಇನ್ನೂ ಹತ್ತಿರದ್ದು. ರುವಾಂಡಾದ ಬುಟಾರೊ ಆಸ್ಪತ್ರೆ 2011ರಲ್ಲಿ ತೆರೆಯಿತು. ಕ್ಷಯ ಹರಡದಿರಲೆಂದು ಅಲ್ಲಿ ಮುಚ್ಚಿದ ಒಳದಾರಿಗಳನ್ನೇ ಕೈಬಿಟ್ಟು ಹೊರಜಗುಲಿ ಮಾಡಿದರು, ಊರಿನ ಕಲ್ಲನ್ನೇ ಊರಿನವರ ಕೈಯಲ್ಲಿ ಕಟ್ಟಿಸಿದರು. ಪೆರು ದೇಶದ ಲಿಮಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ, ಎತ್ತರದ ಮಾಡು, ದೊಡ್ಡ ಕಿಟಕಿಗಳ ಹಳೆಯ ಆಸ್ಪತ್ರೆಗಳಲ್ಲಿ ಗಾಳಿಯಾಟ ಹೊಸ ಕಟ್ಟಡಗಳಿಗಿಂತ ಬಹಳ ಚೆನ್ನಾಗಿದೆ ಎಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಹಜ ಗಾಳಿಯಾಟದ ವಾರ್ಡಿಗೆ ಅಳತೆ ಕೊಟ್ಟಿದೆ: ಸಾಮಾನ್ಯ ವಾರ್ಡಿನಲ್ಲಿ ರೋಗಿಯೊಬ್ಬರಿಗೆ ಸೆಕೆಂಡಿಗೆ 60 ಲೀಟರ್, ಗಾಳಿಯಿಂದ ಹರಡುವ ರೋಗವಿದ್ದರೆ 160 ಲೀಟರ್. ಇದಕ್ಕೆ ಯಂತ್ರ ಬೇಡ, ಎದುರುಬದುರು ಕಿಟಕಿ ಬೇಕು. ಕಲ್ಲಿನ ಗೋಡೆ, ಎತ್ತರದ ಮಾಡಿನ ಹಳೆಯ ದವಾಖಾನೆಗಳನ್ನು ಕೆಡವಿ, ಗಾಜು ಹೊದ್ದ, ತಗ್ಗು ಚಾವಣಿಯ ಪೆಟ್ಟಿಗೆಗಳನ್ನು ಎಬ್ಬಿಸುವುದನ್ನು ಪ್ರಗತಿ ಎನ್ನಲು ಆಧಾರವಿಲ್ಲ. ಕೊರೊನಾದ ಎರಡು ಅಲೆಗಳು ಇದನ್ನು ಕಲಿಸಿಯೇ ಹೋದವು. ಸೋಂಕಿತರನ್ನು ಬೇರೆಯಾಗಿರಿಸಲು ಬೇರೆ ದ್ವಾರವಿಲ್ಲದೆ ಇಡೀ ಆಸ್ಪತ್ರೆಗಳನ್ನೇ ಕೋವಿಡ್‌ಗೆ ಬಿಟ್ಟುಕೊಟ್ಟಾಗ ಉಳಿದ ರೋಗಿಗಳು ದಿಕ್ಕು ಕಾಣದಾದರು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ಆದ ಸಾವುಗಳನ್ನು ಮರೆತವರು ಮಾತ್ರ ಆಮ್ಲಜನಕದ ಕೊಳವೆಯನ್ನು ನಕ್ಷೆಯ ಕೊನೆಯ ಸಾಲಿಗೆ ತಳ್ಳಬಲ್ಲರು.

ಖಾಸಗಿಯವರ ಸಹಭಾಗಿತ್ವ ತಂದರೆ ಈ ಹೊಂದಾಣಿಕೆ ತಾನಾಗಿ ಬರುತ್ತದೆ ಎಂಬ ವಾದವೂ ಇದೆ. ಅದನ್ನು ಒಪ್ಪಲಾಗದು. ಲಾಭದ ಲೆಕ್ಕದಲ್ಲಿ ನಡೆಯುವ ಆಸ್ಪತ್ರೆ ಹೊಂದಿಕೊಳ್ಳುವುದು ಹಣ ಕೊಡುವ ರೋಗಿಗೆ. ಕಬ್ಬಿನ ಗ್ಯಾಂಗಿನ ಬಸುರಿಗಾಗಿ ಅದು ಹಂಗಾಮಿನ ವಾರ್ಡು ತೆರೆಯುವುದಿಲ್ಲ. ಸಹಭಾಗಿತ್ವದ ವೈದ್ಯಕೀಯ ಕಾಲೇಜು ಬೇಡ, ಸರ್ಕಾರಿ ಕಾಲೇಜೇ ಬೇಕೆಂದು 2025ರಲ್ಲಿ ವಿಜಯಪುರದ ಜನ ಧರಣಿ ಕುಳಿತದ್ದರ ಹಿಂದೆ ಇದೇ ತಿಳಿವಳಿಕೆ ಇತ್ತು.

ಹೊಂದಿಕೊಳ್ಳಬೇಕಾದದ್ದು ಗೋಡೆ ಮಾತ್ರವಲ್ಲ, ಗಡಿಯಾರವೂ ಹೌದು. ರಾಮದುರ್ಗ, ಸುರೇಬಾನಗಳ ನೇಕಾರನಿಗೆ ಬೆನ್ನು, ಮಂಡಿ ನೋವು ದಿನದ ಸಂಗಾತಿ. ಹತ್ತಿಯ ಧೂಳು ಎದೆಗೆ ಇಳಿದಿರುತ್ತದೆ. ಆದರೆ ಹಗಲು ಮಗ್ಗ ಬಿಟ್ಟರೆ ಕೂಲಿ ಇಲ್ಲ. ಹಗಲಲ್ಲೇ ಬಾಗಿಲು ಮುಚ್ಚುವ ಒಪಿಡಿ ಅವನದಲ್ಲ. ಕೇರಳ 2017ರ ಆರ್ದ್ರಂ ಯೋಜನೆಯಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿಸಿ ಸಂಜೆ 6ರವರೆಗೆ ತೆರೆದಿಟ್ಟಿತು. ಅದಕ್ಕೆ ಬೇಕಾದ ವೈದ್ಯರು, ದಾದಿಯರ ಹುದ್ದೆಗಳನ್ನೂ ಕೊಟ್ಟಿತು. ಹುದ್ದೆ ಕೊಡದೆ ಸಮಯ ಹಿಗ್ಗಿಸಿದರೆ ಅದು ಇರುವ ನೌಕರರ ಮೇಲೆ ಹೊರೆ. ಅರಿವಳಿಕೆ ತಜ್ಞರಿಲ್ಲದ 100 ಹಾಸಿಗೆಯ ಆಸ್ಪತ್ರೆಯೂ ಹಾಗೆಯೇ: ಶಸ್ತ್ರಚಿಕಿತ್ಸಾ ಕೊಠಡಿ ಎಷ್ಟು ದೊಡ್ಡದಿದ್ದರೂ ಸಿಸೇರಿಯನ್ ಬೇಕಾದ ಹೆಣ್ಣುಮಗಳನ್ನು ಅಲ್ಲಿಂದ ಬೇರೆಡೆಗೆ ರೆಫರ್ ಮಾಡಲೇಬೇಕಾಗುತ್ತದೆ.

ಎಲ್ಲಿಗೆ ರೆಫರ್ ಎಂಬುದೂ ಕಾಗದದ ಮೇಲೆ ಒಂದು, ರಸ್ತೆಯ ಮೇಲೆ ಇನ್ನೊಂದು. ಬೆಳಗಾವಿಯ ಬಿಮ್ಸ್ (ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಜಿಲ್ಲಾ ಆಸ್ಪತ್ರೆ. ಬೈಲಹೊಂಗಲದವರಿಗೆ ಅದು ಸರಿ. ಸವದತ್ತಿಗೆ, ಕಿತ್ತೂರಿಗೆ ಧಾರವಾಡ ಹತ್ತಿರ, ಅಲ್ಲಿಂದ ಹುಬ್ಬಳ್ಳಿ. ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರಿನಷ್ಟು ದೂರ. ಜನ ಬಾಗಲಕೋಟೆ, ಹುಬ್ಬಳ್ಳಿಗಳತ್ತ ಹೊರಡುತ್ತಾರೆ. ಜಿಲ್ಲೆಯ ಗಡಿಯನ್ನು ರೋಗಿ ನೋಡುವುದಿಲ್ಲ. ಆಂಬುಲೆನ್ಸ್, ರಕ್ತನಿಧಿ, ದೂರಸಮಾಲೋಚನೆಯ ವ್ಯವಸ್ಥೆಗಳೂ ನೋಡಬಾರದು.

ಮರ್ಯಾದೆಯ ಪ್ರಶ್ನೆಯೂ ಕಟ್ಟಡದ ಪ್ರಶ್ನೆಯೇ. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು 1982ರಲ್ಲೇ ಬಂದಿದ್ದರೂ ಆ ಪದ್ಧತಿಯ ಗಾಯ ಹೊತ್ತ ಹೆಂಗಸರು ಸವದತ್ತಿ ಸುತ್ತಮುತ್ತ ಇಂದಿಗೂ ಇದ್ದಾರೆ. ಎಚ್‌ಐವಿ ಪರೀಕ್ಷೆಯ ಕೋಣೆಗೆ ದೊಡ್ಡ ಫಲಕ ಹಾಕಿ, ಒಪಿಡಿ ಸಾಲಿನ ಎದುರಿಗೇ ಬಾಗಿಲಿಟ್ಟರೆ ಯಾವ ಹೆಣ್ಣುಮಗಳು ಒಳಗೆ ಹೋದಾಳು? ರೋಗಿಯೊಂದಿಗೆ ಬಂದ ನಾಲ್ಕು ಜನರಿಗೆ ಬುತ್ತಿ ಬಿಚ್ಚಲು, ರಾತ್ರಿ ಒರಗಲು, ಬಟ್ಟೆ ಒಗೆಯಲು ಜಾಗ ಇರುವುದು ಈ ಸೀಮೆಯ ಆಸ್ಪತ್ರೆಗೆ ಅಗತ್ಯ. ರೋಗಿಯ ಆರೈಕೆಯ ಅರ್ಧ ಕೆಲಸ ಆ ಬಂಧುಗಳ ಕೈಯಲ್ಲಿದೆ.

ಇದನ್ನೆಲ್ಲ ಬಲ್ಲವರು ಊರಿನಲ್ಲೇ ಇದ್ದಾರೆ. ಆಶಾ ಕಾರ್ಯಕರ್ತೆಯರಿಗೆ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳಿಗೆ, ನೇಕಾರರ ಸಂಘಗಳಿಗೆ, ಗುಡ್ಡದ ಜಾತ್ರೆ ನಡೆಸುವವರಿಗೆ ಯಾವ ತಿಂಗಳು ಏನು ಬರುತ್ತದೆಂಬುದು ಬಾಯಿಪಾಠ. ಸಂವಿಧಾನದ 73ನೇ ತಿದ್ದುಪಡಿ ತಂದ ಹನ್ನೊಂದನೇ ಅನುಸೂಚಿ ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಪಂಚಾಯಿತಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ಆರೋಗ್ಯ ರಕ್ಷಾ ಸಮಿತಿಗಳಿವೆ, ಗ್ರಾಮ ಆರೋಗ್ಯ ಸಮಿತಿಗಳಿವೆ. ಅವುಗಳ ಮುಂದೆ ಕಟ್ಟಡದ ನಕ್ಷೆ ಬರುವ ಪದ್ಧತಿ ಮಾತ್ರ ಬೆಳೆದಿಲ್ಲ. ಈ ನಾಲ್ಕು ತಾಲ್ಲೂಕುಗಳ ಶಾಸಕರು ಮತ್ತು ಆರೋಗ್ಯ ಇಲಾಖೆ ಇನ್ನು ಮುಂದೆ ಯಾವುದೇ ಆಸ್ಪತ್ರೆಯನ್ನು ಮೇಲ್ದರ್ಜೆಗೇರಿಸುವ ಮೊದಲು ನಕ್ಷೆ, ಜಾಗದ ಪ್ರವಾಹ ಮಟ್ಟ, ಮಂಜೂರಾದ ಹುದ್ದೆಗಳ ಪಟ್ಟಿಯನ್ನು ಕನ್ನಡದಲ್ಲಿ ಜನರ ಮುಂದಿಟ್ಟು ಅವರ ತಿದ್ದುಪಡಿ ಪಡೆಯಬೇಕು. ಅದಾಗುವವರೆಗೆ ಯಾವ ಕಾಮಗಾರಿಗೂ ಅಡಿಗಲ್ಲು ಬೇಡವೆಂದು ಜನರೂ ಪಟ್ಟು ಹಿಡಿಯಬೇಕು.